ನದಾಫ ಸರ್ ಒಡೆಯದ ಪತ್ರಗಳು

ನದಾಫ ಸರ್ ತಮ್ಮ ಹೆಸರಿಗೆ ಬಂದ ಪತ್ರಗಳನ್ನು ಒಡೆಯುತ್ತಲೇ ಇರಲಿಲ್ಲ. ಸಿಂದಗಿಯ ನಮ್ಮ ಕಾಲೇಜಿನಲ್ಲಿ ಅವರು ಮನಃಶಾಸ್ತ್ರ ಕಲಿಸುತ್ತಿದ್ದರು. ಮೇಜಿನ ಮೇಲೆ ನೀಲಿ ಇನ್‌ಲ್ಯಾಂಡ್ ಪತ್ರಗಳ ಕಟ್ಟು, ಅದು ಹಾರಬಾರದೆಂದು ಮೇಲೊಂದು ಖಾರ ಕುಟ್ಟುವ ಕಲ್ಲು. ಹೊಸದಾಗಿ ಬಂದ ಜವಾನನೊಬ್ಬ ಪಾಪ, ಸಹಾಯ ಮಾಡೋಣವೆಂದು ಒಂದನ್ನು ಒಡೆಯಲು ಹೋಗಿ ಸರಿಯಾಗಿ ಬೈಸಿಕೊಂಡಿದ್ದ.

ಆ ಪತ್ರಗಳನ್ನು ಬರೆದವರು ನಾವೇ, ಅವರ ವಿದ್ಯಾರ್ಥಿಗಳು. ಯಾವುದೇ ಅಧ್ಯಯನಕ್ಕೆ ಹೊರಡುವ ಮೊದಲು ನಮ್ಮ ಊಹೆ ಏನು, ಯಾವ ಲೆಕ್ಕ ಹಾಕುತ್ತೇವೆ, ಯಾರನ್ನು ಲೆಕ್ಕದಿಂದ ಬಿಡುತ್ತೇವೆ ಎಂದೆಲ್ಲ ಬರೆದು, ಅಂಟಿಸಿ, ಅವರ ವಿಳಾಸಕ್ಕೆ ಅಂಚೆಗೆ ಹಾಕಬೇಕು. ಅವರ ಕೋಣೆ ಇದ್ದದ್ದು ನಮ್ಮ ತರಗತಿಯ ಪಕ್ಕದಲ್ಲೇ! “ಕೈಯಾಗ ಕೊಡ್ತೇವ್ರಿ ಸರ್” ಎಂದರೆ, “ಅದಕ್ಕ ತಾರೀಖ ಯಾರ ಹಾಕವ್ರು? ಅಂಚಿ ಶಿಕ್ಕಾ ಯಾರ ಮಾರೀನೂ ನೋಡೂದಿಲ್ಲ” ಎನ್ನುತ್ತಿದ್ದರು. ಮೋರಟಗಿಯ ಒಕ್ಕಲುತನದ ಮನೆಯವರು, ಮಾತೆಲ್ಲ ಕಣದ್ದೇ. “ಮೊದಲ ತೂರಬೇಕು, ಆಮ್ಯಾಲ ಅಳೀಬೇಕು. ಅಳದ ಮ್ಯಾಲ ಮತ್ತ ಮೊರಾ ಹಿಡದ್ರ ಅದು ಕಳ್ಳ ರಾಶಿ.”

ಈ ಮಾತಿನ ಬಿಸಿ ನನಗೆ ತಟ್ಟಿದ್ದು ಎಂ.ಎ. ಕಿರುಪ್ರಬಂಧದಲ್ಲಿ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ರಂಗೋಲಿ ಬಿಡಿಸಿದರೆ ಮಕ್ಕಳ ಭಯ ಇಳಿಯುತ್ತದೆಯೇ ಎಂಬುದು ನನ್ನ ವಿಷಯ. ಆಲಮೇಲದ ಶಾಲೆಯಲ್ಲಿ ಇಳಿಯಿತು, ದೇವಣಗಾಂವದಲ್ಲಿ ಇಳಿಯಲಿಲ್ಲ. ಎರಡೂ ಕೂಡಿಸಿದರೆ ಕೈಗೆ ಏನೂ ಹತ್ತದು. ದೇವಣಗಾಂವ ಒಂದನ್ನು ಬಿಟ್ಟರೆ ಮಾತ್ರ ಫಲಿತಾಂಶ ಲಕಲಕ ಹೊಳೆಯುತ್ತಿತ್ತು.

“ಸರ್, ಅವತ್ತ ನನ್ನ ಬಸ್ ತಡಾ ಆತ್ರಿ. ಅಲ್ಲಿ ಹುಡುಗ್ರು ಹಸದಿದ್ರು. ಆ ಸಾಲಿ ಬಿಟ್ಟಬಿಡೂಣ್ರಿ” ಎಂದೆ.

ಸರ್ ಕಲ್ಲು ಎತ್ತಿಟ್ಟು, ನನ್ನ ಪತ್ರ ಹುಡುಕಿ ನನ್ನ ಕೈಗೇ ಕೊಟ್ಟರು. ಒಡೆದೆ. ಒಳಗೆ ನನ್ನದೇ ಅಕ್ಷರ: ಹಾಳೆ ಖಾಲಿ ಬಿಟ್ಟವರನ್ನು ಮಾತ್ರ ಲೆಕ್ಕದಿಂದ ಬಿಡುತ್ತೇನೆ. ಹಸಿವಿನ ಸುದ್ದಿಯೇ ಇರಲಿಲ್ಲ.

“ಆಲಮೇಲದ ಹುಡುಗ್ರು ಉಂಡಿದ್ರೇನು? ಕೇಳಿದ್ದೇನವಾ?”

ಕೇಳಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಸರ್ ಚಹಾ ತರಿಸಿದರು. “ರಂಗೋಲಿಲೇ ಅಂಜಿಕಿ ಇಳದದ್ದು ಕಾಣಲಿಲ್ಲ ಅಂತ ಬರಿ. ಅದೂ ಸುದ್ದೀನ ಐತಿ. ಇಲ್ಲಾಂದ್ರ ನಿನ್ನಂಥಾಕಿ ಇನ್ನೊಬ್ಬಾಕಿ ರಂಗೋಲಿ ಪುಡಿ ಹೊತಗೊಂಡು ಊರೂರು ಅಡ್ಡಾಡ್ತಾಳ.” ಹಾಗೇ ಬರೆದೆ, ಪಾಸೂ ಆದೆ. ಸಿಟ್ಟು ಇಳಿಯಲು ಮಾತ್ರ ಒಂದು ವರ್ಷ ಬೇಕಾಯಿತು.

ತಮ್ಮ ಅಧ್ಯಯನಗಳ ಅಂಕಿಗಳನ್ನೆಲ್ಲ ಸರ್ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಹಾಕಿದ್ದರು. “ಕದಾ ತೆರದಿಟ್ಟೇನಿ, ಯಾರರ ಬಂದು ನೋಡ್ಲಿ.” ಅದರಲ್ಲಿ ಅವರ ಪ್ರೀತಿಯದು ಒಂದಿತ್ತು. ಎಂಟು ಪದ ಓದಿ ಹೇಳಿ, ಎಷ್ಟು ನೆನಪಿವೆ ಎಂದು ಮೂರು ದಿನ ಪರೀಕ್ಷಿಸಿದ್ದು. ಹಿಂದಿನ ಬೆಂಚಿನವರು ಮುಂದಿನವರಿಗಿಂತ ಏನೂ ಕಡಿಮೆಯಲ್ಲ ಎಂದು ಅದು ಹೇಳಿತ್ತು. ಪ್ರತಿ ವರ್ಷ ಮೊದಲ ತರಗತಿಯಲ್ಲೇ ಇದನ್ನು ಸಾರುತ್ತಿದ್ದರು. ಹಿಂದಿನ ಬೆಂಚು ಚಪ್ಪಾಳೆ ತಟ್ಟುತ್ತಿತ್ತು. ಅವರೂ ಕಲಿಯುವಾಗ ಅಲ್ಲೇ ಕೂತವರು.

ಮುಂದೆ ನಾನು ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಪಾಠಕ್ಕೆ ನಿಂತಾಗ ಅದೇ ಅಂಕಿಗಳನ್ನು ತರಗತಿಗೆ ಒಯ್ದೆ. ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಮ್, ಎಂಟ ಪದಾ ಓದಿದ್ರ ಇದರಾಗ ಕೆಲವ್ರು ಒಂಬತ್ತ ಹ್ಯಾಂಗ ನೆನಪಿಟ್ರು?” ಎಂದಳು.

ಅಂಕಿಗಳ ಜೊತೆಗಿದ್ದ ಟಿಪ್ಪಣಿ ತಿರುವಿ ನೋಡಿದೆ. ಒಂಬತ್ತು ಎಂದರೆ ಅಂದು ಬಂದಿಲ್ಲ ಎಂಬ ಗುರುತು. ಸರ್ ಅದನ್ನು ತೆಗೆಯಲು ಮರೆತು, ಅಂಕವೆಂದೇ ಕೂಡಿಸಿದ್ದರು. ಹೆಚ್ಚು ಗೈರುಹಾಜರಿ ಹಿಂದಿನ ಬೆಂಚಿನದು. ಅದನ್ನು ತೆಗೆದರೆ ಹಿಂದಿನವರು ಮುಂದಿನವರಿಗೆ ಸೋಲುತ್ತಿದ್ದರು.

ವಾರವಿಡೀ ಒದ್ದಾಡಿ ಮೋರಟಗಿಗೆ ಹೋದೆ. ಆಗಲೇ ಸರ್ ನಿವೃತ್ತರಾಗಿದ್ದರು. ನಾನು ಒಯ್ದ ಅಂಕಿಗಳ ಹಾಳೆಯಲ್ಲಿ ಒಂಬತ್ತುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. “ಸಾಲಿಗೇ ಬಾರದವ್ರನ್ನ ಎಲ್ಲಾರಕಿಂತ ಶ್ಯಾಣ್ಯಾರ ಮಾಡಿಬಿಟ್ಟೇನಲ್ಲವಾ!” ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, “ಇಷ್ಟ ವರ್ಷ ಆ ಹುಡುಗ್ರಿಗೆ ಸುಳ್ಳ ಹೇಳಿದೆ” ಎಂದರು. ಅದನ್ನು ಕೇಳಿ ನನಗೆ ಬಂದದ್ದೇ ತಪ್ಪಾಯಿತೆನಿಸಿತು. ಅವರು ಮಾತ್ರ ಅಲ್ಲೇ ಕೂತು, ಆ ಅಧ್ಯಯನ ಅಚ್ಚಾಗಿದ್ದ ಸಂಶೋಧನಾ ಪತ್ರಿಕೆಗೆ ತಿದ್ದುಪಡಿ ಬರೆದರು. ತಪ್ಪು ಹಿಡಿದ ಹುಡುಗಿಯ ಹೆಸರನ್ನೂ ಕೇಳಿ ಸೇರಿಸಿದರು.

ಹೊರಡುವಾಗ ಖಾರದ ಕಲ್ಲನ್ನು ನನ್ನ ಚೀಲಕ್ಕೆ ಹಾಕಿದರು. “ಆ ಬೆಂಚಿನ ಅಧ್ಯಯನಾ ಹೊಸದಾಗಿ ನೀ ಮಾಡು. ನನ್ನ ಊಹಾ ಅಂಚಿಗೆ ಹಾಕ್ತೇನಿ. ಮುಗಿಯೂಮಟ ಒಡೀಬ್ಯಾಡ.” ಅದೇ ಕೊನೆಯ ಭೇಟಿ. ಪತ್ರ ಬಂದು ಕಲ್ಲಿನ ಕೆಳಗೆ ಕೂತಿತು. ನನ್ನ ಕೆಲಸ ಮುಗಿಯುವ ಮೊದಲೇ ಸರ್ ತೀರಿಕೊಂಡರು.

ಪತ್ರವನ್ನು ಆಗಲೇ ಒಡೆಯಬೇಕೆಂದು ಕೈ ಎಷ್ಟು ತುರಿಸಿತೆಂದು ಹೇಳಲಾರೆ. ಒಡೆಯಲಿಲ್ಲ. ಕೊನೆಯ ಹಾಳೆಯ ಲೆಕ್ಕವೂ ಮುಗಿದ ದಿನ ತೆರೆದೆ: “ಹಿಂದಿನ ಬೆಂಚಿನವ್ರು ಕಡಿಮಿ ನೆನಪಿಡ್ತಾರ ಅನ್ನೂದು ನನ್ನ ಊಹಾ. ಅದು ಸುಳ್ಳಾಗ್ಲಿ ಅನ್ನೂದು ನನ್ನ ಆಶಾ. ಎರಡೂ ಬ್ಯಾರೆ ಬ್ಯಾರೆ ಬರದೇನಿ, ಕೂಡಿಸಬ್ಯಾಡ.”

ಊಹೆಯೇ ನಿಜವಾಗಿತ್ತು. ಅದನ್ನು ಹಾಗೆಯೇ ಪತ್ರಿಕೆಗೆ ಬರೆದು ಕಳಿಸಿದೆ. ಆಸೆಯನ್ನು ಮಾತ್ರ ಮರುದಿನ ತರಗತಿಗೆ ಒಯ್ದು, ಹಿಂದಿನ ಬೆಂಚಿನ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಸೋತವರೇ ಮೊದಲು ಚಪ್ಪಾಳೆ ತಟ್ಟಿದರು.