ರಾಗಿಯ ತೊಡೆಗೆ ಚಕ್ರಪಾಣಿಯ ಚಿಕಿತ್ಸೆ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಚಕ್ರಪಾಣಿ ಇನ್ನೂ ಗಟ್ಟಿಮುಟ್ಟಾಗಿ ಬದುಕಿರುವುದರಿಂದ ನನಗೆ ಆ ತೊಂದರೆಯಿಲ್ಲ. ನಂಜನಗೂಡಿನಲ್ಲಿ ಕಪಿಲೆಗೆ ಇಳಿಯುವ ಬೀದಿಯೊಂದರಲ್ಲಿ, ಜಗಲಿಯ ಮೇಲೆ ಕೂತು, ತಾನು ಓಟದ ನಾಯಿಗಳ ಕಾಲು ಸರಿಮಾಡಿದ ಕತೆಯನ್ನು ಹೋಗಿಬರುವವರಿಗೆಲ್ಲ ಹೇಳುತ್ತಾನೆ. ನನಗಿಂತ ಬಹಳ ಹಿರಿಯ. ಆದರೂ ‘ಹೇಳುತ್ತಾರೆ’ ಎಂದು ಬರೆಯಲು ನನಗೆ ಮನಸ್ಸು ಬಾರದು. ಯಾಕೆ ಅಂತ ಪೂರ್ತಿ ಓದಿ ನೀವೇ ಹೇಳಿ.

ಅವನು ಹುಟ್ಟಿದ್ದು ತಿ. ನರಸೀಪುರದಲ್ಲಿ. ತಾತ ಮಠದ ಪಾಠಶಾಲೆಯಲ್ಲಿ ವೇದ ಹೇಳಿಕೊಡುತ್ತಿದ್ದವರು, ಅಪ್ಪ ಹೈಸ್ಕೂಲು ಮೇಷ್ಟ್ರು. ಇವನು ಎರಡಕ್ಕೂ ಸಲ್ಲದೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಗುಮಾಸ್ತನಾದ. ತಡವಾಗಿ ಬಂದ ಕೂಲಿಯವರನ್ನು ಗೇಟಿನಲ್ಲೇ ನಿಲ್ಲಿಸಿ ಉಪದೇಶ ಮಾಡಿದ್ದು ಬಿಟ್ಟರೆ ಅಲ್ಲಿ ಅವನು ಕಡಿದು ಕಟ್ಟೆ ಹಾಕಿದ್ದು ಏನೂ ಇಲ್ಲ. ಕಾರ್ಖಾನೆ ಸೊರಗಿ, ತೊಂಬತ್ತೇಳರಲ್ಲಿ ಸ್ವಯಂನಿವೃತ್ತಿ ಕೊಟ್ಟು ಮನೆಗೆ ಕಳಿಸಿತು. ಉಪದೇಶ ಕೇಳಿಸಿಕೊಳ್ಳಲು ಯಾರೂ ಇಲ್ಲದೆ ಮನುಷ್ಯ ಒದ್ದಾಡಿಹೋದ.

ಆ ಹೊತ್ತಿಗೇ ಅವನ ಹೆಂಡತಿ ರಂಗನಾಯಕಮ್ಮನವರ ಭುಜ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ಮೈಸೂರಿನ ಡಾಕ್ಟರು ಅಲ್ಟ್ರಾಸೌಂಡ್ ಚಿಕಿತ್ಸೆ ಆಗಬೇಕು ಅಂದರು. ಬಸುರಿಯರ ಹೊಟ್ಟೆ ನೋಡುವ ಯಂತ್ರವಲ್ಲ ಇದು. ಕಿವಿಗೆ ಕೇಳದ ಶಬ್ದವನ್ನು ಮಾಂಸಖಂಡದೊಳಕ್ಕೆ ಇಳಿಸಿ ಬಿಸಿ ಕೊಡುವ ಒಂದು ಡಬ್ಬ. ಡಬ್ಬಕ್ಕೊಂದು ವೈರು, ವೈರಿನ ತುದಿಗೆ ಹಿಡಿ, ಹಿಡಿಯ ಮುಂದೆ ಲೋಹದ ಬಿಲ್ಲೆ. ಬರಿಯ ಚರ್ಮಕ್ಕೆ ಜೆಲ್ ಬಳಿದು, ಬಿಲ್ಲೆಯನ್ನು ಒತ್ತಿ ಮೆಲ್ಲಗೆ ಸುತ್ತಿಸುತ್ತಿರಬೇಕು. ನಡುವೆ ಗಾಳಿ ಸೇರಿದರೆ ಏನೂ ಒಳಗೆ ಇಳಿಯದು. ಮೈಸೂರಿನಲ್ಲಿ ಅಂಗಡಿ ಮುಚ್ಚುತ್ತಿದ್ದ ಫಿಸಿಯೋಥೆರಪಿಯವರೊಬ್ಬರಿಂದ ಹಳೆಯ ಮಿಷನ್ನು ತಂದು, ಹೇಳಿಸಿಕೊಂಡ ಹಾಗೆಯೇ ಮಾಡಿ, ಹೆಂಡತಿಯ ಕೈ ಮೇಲೇಳುವಂತೆ ಮಾಡಿದ. ಅದೊಂದು ಒಳ್ಳೆಯ ಕೆಲಸ. ಒಪ್ಪುತ್ತೇನೆ.

ಆಗ ನಮ್ಮ ಕಡೆ ನಾಯಿ ಓಟದ ಹುಚ್ಚು ಎದ್ದಿತ್ತು. ಕೊಯ್ಲಾದ ಗದ್ದೆಯ ಒಂದು ತುದಿಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಟೈರು ಬಿಚ್ಚಿದ ಚಕ್ರಕ್ಕೆ ಹಗ್ಗ ಹಾಕಿ, ಪೆಡಲ್ಲನ್ನು ಕೈಯಲ್ಲೇ ತಿರುವುತ್ತಾರೆ. ಹಗ್ಗದ ಇನ್ನೊಂದು ತುದಿಯ ಕಂಬಳಿ ತುಂಡು ನೆಲದ ಮೇಲೆ ಹಾರಿಕೊಂಡು ಬರುತ್ತದೆ. ನಾಯಿಗಳು ಅದನ್ನೇ ಮೊಲವೆಂದು ಅಟ್ಟುತ್ತವೆ. ಮೈಸೂರಿನ ಮಿಲ್ಲಿನ ಯಜಮಾನರೊಬ್ಬರು ತೊಡೆ ಉಳುಕಿದ ನಾಯಿಯನ್ನು ಜೀಪಿನಲ್ಲಿ ತಂದರು. ಚಕ್ರಪಾಣಿ ಅದನ್ನು ನಡುಮನೆಯ ಚಾಪೆಯ ಮೇಲೇ ಮಲಗಿಸಿ, ಕೂದಲು ಬೋಳಿಸಿ, ಜೆಲ್ ಬಳಿದು ಚಿಕಿತ್ಸೆ ಕೊಟ್ಟ. ಯಜಮಾನರಿಗೆ ಬೆಳ್ಳಿ ಲೋಟದಲ್ಲಿ ಕಾಫಿ. ನಾಯಿ ಗುಣವಾಗಿ ಓಡಿತು, ಗೆದ್ದಿತು. ಇವನು ‘ನಾಯಿ ಡಾಕ್ಟ್ರು’ ಆದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವನು ಕೊಡೆಯ ಬದಲು ಕತ್ತಿಗೆ ಒಂದು ಸ್ಟೆತಾಸ್ಕೋಪು ನೇತುಹಾಕಿಕೊಂಡ. ಅದರಿಂದ ಏನು ಕೇಳಿಸಿಕೊಳ್ಳುತ್ತಿದ್ದನೋ ಅವನ ನಾರಾಯಣನೇ ಬಲ್ಲ.

ಇನ್ನು ನಮ್ಮ ವಿಷಯ. ನಾನು ನಾಗೇಂದ್ರ, ಬಿಳಿಗೆರೆಯವನು, ನಂಜನಗೂಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಕಚೇರಿಯ ನನ್ನ ಮೇಜಿನ ಮೇಲೂ ಒಂದಿದೆ. ನಾವು ಊರಿನ ಯಾವ ಬೀದಿಯವರೆಂದು ಚಕ್ರಪಾಣಿಗೆ ಲೆಕ್ಕ ಹಾಕಲು ಅಷ್ಟೇ ಸಾಕಾಗಿತ್ತು. ನನ್ನ ದೊಡ್ಡಪ್ಪ ಮಾದು ಒಂದು ಓಟದ ನಾಯಿ ಸಾಕಿದ್ದರು. ಬಣ್ಣ ನೋಡಿ ಇಟ್ಟ ಹೆಸರು ರಾಗಿ. ದೊಡ್ಡಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಸಿರಾಡುತ್ತಿದ್ದದ್ದು ಅವರಿಬ್ಬರೇ. ದೊಡ್ಡಪ್ಪ ಮುದ್ದೆ ಮುರಿದರೆ ಮೊದಲ ತುತ್ತು ಅವಳಿಗೆ.

ಎರಡು ಸಾವಿರದ ಮೂರರಲ್ಲಿ ರಾಗಿಯ ಬಲ ಹಿಂಗಾಲಿನ ತೊಡೆ ಹಿಡಿದುಕೊಂಡಿತು. ನಾನೇ ದೊಡ್ಡಪ್ಪನನ್ನು ಚಕ್ರಪಾಣಿಯ ಮನೆಗೆ ಕರೆದುಕೊಂಡು ಹೋದೆ. ನಮ್ಮನ್ನು ಸಂದಿಯಿಂದ ಹಿತ್ತಲಿಗೆ ಬರಲು ಹೇಳಿದ. ಮಿಷನ್ನನ್ನು ಹಿತ್ತಲ ಬಾಗಿಲ ಹೊಸಲಿನ ಒಳಗಿಟ್ಟು, ವೈರು ಮಾತ್ರ ಹೊರಗೆ ಎಳೆದುಕೊಂಡ. ಬಿಲ್ಲೆಗೆ ಹಳೆ ಪಂಚೆಯ ತುಂಡನ್ನು ಮಡಿಸಿ ಮಡಿಸಿ ಸುತ್ತಿ ದಾರ ಕಟ್ಟಿದ. ಕೂದಲು ಬೋಳಿಸಲಿಲ್ಲ, ಜೆಲ್ ಮುಟ್ಟಲಿಲ್ಲ.

“ಅದ್ಯಾಕೆ ಸಾ ಬಟ್ಟೆ?” ಎಂದು ದೊಡ್ಡಪ್ಪ ಕೇಳಿದರು.

“ಕರೆಂಟು ನೇರ ಹೊಡೀಬಾರದು ಕಣಯ್ಯ. ನಿನಗೆ ಅದೆಲ್ಲ ತಿಳಿಯೋಲ್ಲ.”

ನಂಬಿದೆವು. ಡಬ್ಬದಲ್ಲಿ ಕೆಂಪು ದೀಪ ಉರಿಯುತ್ತಿತ್ತು, ಹೊತ್ತು ಮುಗಿದಾಗ ಗಂಟೆ ಹೊಡೆಯುತ್ತಿತ್ತು. ಇವನು ಮುಖ ಆ ಕಡೆ ತಿರುಗಿಸಿಕೊಂಡು, ತೋಳು ಉದ್ದಕ್ಕೆ ಚಾಚಿ, ಬಟ್ಟೆಯ ಉಂಡೆಯನ್ನು ರಾಗಿಯ ಕೂದಲ ಮೇಲೆ ಆಡಿಸುತ್ತಿದ್ದ. ಕೆಲವು ವಾರ ಹೀಗೆ ನಡೆಯಿತು. ಸುಮ್ಮನೆ ಕಟ್ಟಿಹಾಕಿದ್ದರಿಂದಲೇ ಇರಬೇಕು, ಕುಂಟು ಸ್ವಲ್ಪ ಇಳಿದಿತ್ತು. “ಗುಣವಾಯ್ತು, ಓಡಿಸು” ಅಂದ.

ತಿ. ನರಸೀಪುರದ ಗದ್ದೆಯಲ್ಲಿ ಓಡಿಸಿದೆವು. ಅರ್ಧ ದಾರಿಯ ತನಕ ರಾಗಿಯೇ ಮುಂದಿದ್ದಳು. ಆಮೇಲೆ ಒಮ್ಮೆ ಕಿರುಚಿ, ಪಲ್ಟಿ ಹೊಡೆದು ಬಿದ್ದಳು. ಉಳಿದ ನಾಯಿಗಳು ಅವಳನ್ನು ದಾಟಿ ಹೋದವು. ದೊಡ್ಡಪ್ಪ ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಬಸ್ಸು ಹತ್ತಿದರು.

ಖಂಡ ಹರಿದಿದೆ ಅಂದರು ಪಶುವೈದ್ಯರು. “ಒಳಗೆ ಬಿಸಿ ಕೊಟ್ಟು ಮೆತ್ತಗೆ ಮಾಡದಿದ್ರೆ ಗಂಟು ಕಟ್ಟುತ್ತೆ. ಆಮೇಲೆ ಆ ಕಾಲು ನೆಲಕ್ಕೆ ತಾಗೋದೇ ಇಲ್ಲ.” ಗೆಲ್ಲುವ ಮಾತು ಹಾಗಿರಲಿ, ರಾಗಿ ನಾಲ್ಕು ಕಾಲಲ್ಲಿ ನಡೆಯುತ್ತಾಳೋ ಇಲ್ಲವೋ ಅನ್ನುವುದಷ್ಟೇ ಈಗ ಉಳಿದಿತ್ತು. ನಮಗೆ ಗೊತ್ತಿದ್ದ ಮಿಷನ್ನು ಊರಿಗೆಲ್ಲ ಒಂದೇ. ಊತ ಇಳಿದ ಮೇಲೆ ಮತ್ತೆ ಅದೇ ಹಿತ್ತಲಿಗೆ ಹೋದೆವು.

“ನಿಮ್ಮ ನಾಯಿಗಳು ಹಾಗೇ ಕಣಯ್ಯ” ಅಂದ ಚಕ್ರಪಾಣಿ. “ಕಂಡಿದ್ದೆಲ್ಲ ತಿಂದು ಬೆಳೆದ ಮೈ. ಜಾತಿ ನಾಯಿಗೆ ಹಿಡಿಯೋ ಔಷಧಿ ಇವಕ್ಕೆ ಹಿಡಿಯೋಲ್ಲ.”

ನನಗೆ ಮೈಯೆಲ್ಲ ಉರಿಯಿತು. ದೊಡ್ಡಪ್ಪ ನನ್ನ ರಟ್ಟೆ ಹಿಡಿದುಕೊಂಡರು. “ಬುಡ್ಲಾ ಮಗ. ಅವಳ ಕಾಲು ಮುಖ್ಯ.”

ಅವನು ಮತ್ತೆ ಪಂಚೆಯ ತುಂಡು ಸುತ್ತುತ್ತಿದ್ದಾಗ ರಂಗನಾಯಕಮ್ಮ ಹೊರಗೆ ಬಂದರು. ಮಗಳು ಹಂಸಾಳ ಬಾಣಂತನಕ್ಕೆಂದು ತಿಂಗಳುಗಟ್ಟಲೆ ಮೈಸೂರಿನಲ್ಲಿದ್ದು ಹಿಂದಿನ ದಿನ ತಾನೇ ಮರಳಿದ್ದರು. ಬಟ್ಟೆಯ ಉಂಡೆಯನ್ನು ನೋಡಿದರು, ರಾಗಿಯನ್ನು ನೋಡಿದರು.

“ಇದೇನು ಕಟ್ಟಿದ್ದೀರಿ?”

“ನೀನು ಒಳಗೆ ಹೋಗು.”

“ನನ್ನ ಭುಜಕ್ಕೆ ಹೀಗೆ ಬಟ್ಟೆ ಕಟ್ಟಿ ಹಿಡಿದಿದ್ರಾ? ಆ ಜೀಪಿನ ನಾಯಿಗೆ ಕಟ್ಟಿದ್ರಾ? ಅದನ್ನ ನನ್ನ ಚಾಪೆ ಮೇಲೆ ಮಲಗಿಸಿದ್ರಿ.”

“ಅವರ ವಿಷಯ ಬೇರೆ.”

“ಅವರ ವಿಷಯ ಬೇರೆ ಇರಬಹುದು. ನಾಯಿ ತೊಡೆ ಬೇರೇನಾ?”

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಮಾತನ್ನು ಇಂಥವರನ್ನು ನೋಡಿಯೇ ಕಟ್ಟಿರಬೇಕು. ಎಲ್ಲರನ್ನೂ ತಡೆದು ನಿಲ್ಲಿಸಿ ಉಪದೇಶ ಮಾಡುತ್ತಿದ್ದವನು ಬಟ್ಟೆಯ ದಾರವನ್ನು ಇನ್ನೊಂದು ಸುತ್ತು ಬಿಗಿದ. ಆಯಮ್ಮ ಒಳಗೆ ಹೋಗಿ ಅವನದೇ ಶೇವಿಂಗ್ ಸೆಟ್ಟು ತಂದರು. ಸೆರಗು ಸಿಕ್ಕಿಸಿಕೊಂಡು ನಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತರು. ರಾಗಿಯ ತೊಡೆಗೆ ಸೋಪಿನ ನೊರೆ ಹಚ್ಚಿ ಕೂದಲು ಬೋಳಿಸಿ, ಜೆಲ್ ಬಳಿದು, ಬಟ್ಟೆ ಕಿತ್ತೆಸೆದು, ಬಿಲ್ಲೆಯನ್ನು ಒತ್ತಿ ಸುತ್ತಿಸತೊಡಗಿದರು. ರಾಗಿ ಮೊದಲು ಗುರ್ ಅಂದಳು. ಆಮೇಲೆ ಕಣ್ಣು ಮುಚ್ಚಿ ಆಯಮ್ಮನ ಮೊಣಕಾಲಿನ ಮೇಲೆ ತಲೆಯಿಟ್ಟಳು.

ದಿನವೂ ಹೋದೆವು. ವಾರ ಕಳೆಯುವಷ್ಟರಲ್ಲಿ ರಾಗಿ ಆ ಕಾಲಿನ ಬೆರಳನ್ನು ನೆಲಕ್ಕೆ ಊರಿದಳು. ದೊಡ್ಡಪ್ಪ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. “ಇನ್ನೂ ಒಂದು ತಿಂಗಳು ಬಿಡದೆ ಕೊಡಬೇಕು. ಮಧ್ಯದಲ್ಲಿ ನಿಲ್ಲಿಸಿದ್ರೆ ಮತ್ತೆ ಗಂಟು” ಅಂದರು ರಂಗನಾಯಕಮ್ಮ.

ಮಾರನೆಯ ದಿನ ಹೋದಾಗ ಮಿಷನ್ನು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಕೂತಿತ್ತು. ಅದರ ತೂತುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ಲಗ್ಗಿನ ಕಡ್ಡಿ ಸುಟ್ಟು ಕಪ್ಪಾಗಿತ್ತು.

“ವೋಲ್ಟೇಜ್ ಜಾಸ್ತಿ ಬಂದು ಹೋಯ್ತಯ್ಯ ಮಾದು” ಅಂದ ಚಕ್ರಪಾಣಿ, ಕಂಬಕ್ಕೆ ಒರಗಿಕೊಂಡು. “ಇನ್ನು ಏನೂ ಮಾಡೋಕಾಗಲ್ಲ.”

“ವೋಲ್ಟೇಜಲ್ಲ” ಎಂದು ಒಳಗಿನಿಂದ ಆಯಮ್ಮನ ದನಿ ಬಂತು. “ನಾನು ಮಡೀಲಿ ಅಡಿಗೆ ಮಾಡ್ತಿದ್ದೆ. ಇವರು ಬೆಳಿಗ್ಗೆ ಕಪಿಲೆಯಿಂದ ಚೊಂಬು ತುಂಬ ನೀರು ತಂದು, ಮಂತ್ರ ಹೇಳಿ, ಇದರ ತಲೆ ಮೇಲೆ ಸುರಿದರು. ಆರೋ ಮೊದಲೇ ಕರೆಂಟು ಕೊಟ್ಟರು.”

ದೊಡ್ಡಪ್ಪ ಡಬ್ಬದ ಮುಂದೆ ಬಗ್ಗಿ ನೋಡಿದರು. ಆಮೇಲೆ ತಲೆಯೆತ್ತಿ, ಮಗುವನ್ನು ಕೇಳುವಷ್ಟು ಮೆತ್ತಗೆ ಕೇಳಿದರು:

“ಯಾಕ್ ಸಾ ತೊಳೆದ್ರಿ?”

ಚಕ್ರಪಾಣಿ ಸ್ಟೆತಾಸ್ಕೋಪನ್ನು ಕತ್ತಿನಿಂದ ತೆಗೆದ, ಮತ್ತೆ ಹಾಕಿಕೊಂಡ. ಉತ್ತರ ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಮುಖ ನೋಡಿ ಹೇಳುವ ಗಂಡಸುತನ ಇರಲಿಲ್ಲ, ಅಷ್ಟೆ. ಆಚಾರವೇ ದೊಡ್ಡದೆಂದು ನಂಬಿದವನು ಅದನ್ನು ಬಾಯಿಬಿಟ್ಟು ಹೇಳಿಯಾದರೂ ಹೇಳಬೇಕಿತ್ತು. ಅಷ್ಟಾದರೂ ಮಾಡಿದ್ದರೆ ನಾನು ಇವತ್ತು ಅವನಿಗೆ ಬಹುವಚನ ಹಾಕುತ್ತಿದ್ದೆನೋ ಏನೋ.

ರಂಗನಾಯಕಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ರಾಗಿಯ ಬೋಳು ತೊಡೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆತ್ತಗೆ ನೀವತೊಡಗಿದರು.

“ಇವರಿಗೆ ನನ್ನ ಕೈಗಳನ್ನೂ ತೊಳೀಬೇಕು ಅಂತ ಆಸೆ ಇತ್ತು” ಅಂದರು. “ಮಾದು, ನಾಳೆಯಿಂದ ನೀವು ಇಲ್ಲಿಗೆ ಬರಬೇಡಿ. ಬಿಸಿನೀರಿನ ಶಾಖ ಕೊಟ್ಟು ಕೈಯಲ್ಲೇ ನೀವೋಣ, ಎಷ್ಟಾಗುತ್ತೋ ಅಷ್ಟಾಗಲಿ. ನಾನೇ ಬಿಳಿಗೆರೆಗೆ ಬರ್ತೀನಿ.”

ಚಕ್ರಪಾಣಿ, “ನಿನಗೇನು ಬುದ್ಧಿಗಿದ್ಧಿ...” ಎಂದು ಶುರುಮಾಡಿದ. ಯಾರೂ ಅವನ ಕಡೆ ತಿರುಗಲಿಲ್ಲ.

ದೊಡ್ಡಪ್ಪ ತಬ್ಬಿಬ್ಬಾದರು. “ನಮ್ಮಟ್ಟಿಗಾ ಅವ್ವಾ? ನಮ್ಮನೇಲಿ ನೀರಾದ್ರೂ ಕುಡ್ದೀರಾ?”

“ನೀರು ಯಾಕೆ?” ಅಂದರು ರಂಗನಾಯಕಮ್ಮ. “ಕಾಫಿ ಮಾಡೋಕೆ ಬರುತ್ತೋ ಇಲ್ವೋ ನಿಮಗೆ?”