ಸೋಲಮ್ಮನ ಎಡಗಾಲು

ಮೂರನೆಯ ಹಾಡಿನ ಎರಡನೆಯ ಸಾಲಿನಲ್ಲಿ, ಕಣ್ಣು ಮುಚ್ಚಿ ದನಿಯನ್ನು ಮೇಲಕ್ಕೆ ಎತ್ತುತ್ತಿದ್ದಾಗಲೇ, ಸೋಲಮ್ಮನ ಎಡಗಾಲಿನ ಶೂ ಬಾಯಿಬಿಟ್ಟಿತು. ಅದರ ಸೋಲ್, ಅಂದರೆ ಅಡಿಯ ಅಟ್ಟೆ, ಮುಂದುಗಡೆ ಕಿತ್ತುಬಂದು ದಣಿದ ನಾಯಿಯ ನಾಲಗೆಯ ಹಾಗೆ ಜೋತುಬಿತ್ತು. ಅವಳು ತಾಳಕ್ಕೆ ಕಾಲು ಕುಟ್ಟಿದಾಗ ಅದು ನೆಲಕ್ಕೆ ‘ಟ-ಪಕ್’ ಎಂದು ಬಡಿಯಿತು. ಸ್ಟುಡಿಯೋದ ಗಾಜಿನಾಚೆ ಕೂತಿದ್ದ ಕಿವಿಯಣ್ಣ ರೆಕಾರ್ಡಿಂಗ್ ಯಂತ್ರ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಯಾರ ಶೂ ಕಿತ್ತುಹೋಗಿದ್ದರೂ ಅಷ್ಟು ನಗುವಂಥದ್ದೇನಿರಲಿಲ್ಲ. ಆದರೆ ಇವಳ ಕಸುಬೇ ಶೂ ರಿಪೇರಿ. ಆ ಶೂವಿಗೆ ಹಿಂದಿನ ದಿನವಷ್ಟೇ ತಾನೇ ಅಂಟು ಹಚ್ಚಿ, ಸುತ್ತಿಗೆಯಲ್ಲಿ ಬಡಿದು, ಇನ್ನೆರಡು ವರ್ಷ ಈ ಕಡೆ ನೋಡುವ ಹಾಗಿಲ್ಲ ಎಂದು ತನಗೆ ತಾನೇ ಗ್ಯಾರಂಟಿ ಕೊಟ್ಟುಕೊಂಡಿದ್ದಳು.

“ಸೋಲ್ ಸಿಂಗರ್ ಅಂತ ಗೊತ್ತಿತ್ತು,” ಎಂದ ಕಿವಿಯಣ್ಣ ಕಣ್ಣೊರೆಸಿಕೊಳ್ಳುತ್ತ. “ಸೋಲೇ ಹಾಡುತ್ತೆ ಅಂತ ಗೊತ್ತಿರ್ಲಿಲ್ಲ ಕಣಮ್ಮ.”

ಅವಳು ನಗಲಿಲ್ಲ. ನಗುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಸೋಲಮ್ಮ ಎಂಬುದು ಚಿಕ್ಕಪ್ಪ ಕಟ್ಟಿದ ಹೆಸರು. ಹದಿನಾರನೆಯ ವಯಸ್ಸಿನಲ್ಲಿ ಅವಳು “ನಾನು ಸೋಲ್ ಹಾಡ್ತೀನಿ” ಎಂದಾಗ ಅವನು ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ತೆಗೆಯದೆಯೇ, “ಯಾಕೆ, ಗೆಲ್ಲೋ ಹಾಡು ಯಾವುದೂ ಇಲ್ವಾ?” ಎಂದು ಕೇಳಿದ್ದ.

“ಸೋಲ್ ಅಂದ್ರೆ ಆತ್ಮದ ಹಾಡು ಚಿಕ್ಕಪ್ಪ.”

“ಆತ್ಮ ಎಲ್ಲೂ ಓಡಿಹೋಗಲ್ಲ. ಮೊದ್ಲು ಆ ಅಟ್ಟೆ ಅಂಟ್ಸು. ಗಿರಾಕಿ ಒಂಟಿ ಕಾಲಲ್ಲಿ ನಿಂತಿದ್ದಾರೆ.”

ಅಂಗಡಿ ಇದ್ದದ್ದು ರೈಲು ನಿಲ್ದಾಣದ ಕೆಳಗಿನ ಸುರಂಗದಾರಿಯಲ್ಲಿ, ಎರಡು ಬಾಗಿಲಿನಷ್ಟು ಅಗಲ. ಅದರೊಳಗೆ ಒಂದು ಉಜ್ಜುವ ಚಕ್ರ, ಒಂದು ಹೊಲಿಗೆ ಯಂತ್ರ, ಒಂದು ಹಳೆಯ ಟೇಪ್ ರೆಕಾರ್ಡರ್, ಇಬ್ಬರು ಮನುಷ್ಯರು, ಒಂದೇ ಒಂದು ಸ್ಟೂಲು. ಚಿಕ್ಕಪ್ಪನಿಗೆ ಬೆನ್ನುನೋವು, ಆದ್ದರಿಂದ ಸ್ಟೂಲು ಅವನದು. ಅವಳಿಗೆ ಎಳೆಯ ವಯಸ್ಸು, ಆದ್ದರಿಂದ ನೆಲ ಅವಳದು. ಬೆಳಗ್ಗೆ ಏಳಕ್ಕೆ ನಿಂತರೆ ಸಂಜೆ ಏಳರವರೆಗೆ ನಿಂತೇ ಇರುವುದು. ಊರಿನವರನ್ನೆಲ್ಲ ಅವರವರ ಕಾಲ ಮೇಲೆ ನಿಲ್ಲಿಸುವ ಕೆಲಸ ಅವಳದಾಗಿತ್ತು. ಅವಳ ಕಾಲನ್ನು ಕೇಳುವವರಿರಲಿಲ್ಲ.

ಟೇಪಿನಲ್ಲಿ ಇದ್ದದ್ದು ಕೆಂಡಕ್ಕನ ಐದು ಹಾಡು. ಬೂದಿ ಮುಚ್ಚಿದ ಕೆಂಡದಂಥ ಕೊರಳೆಂದು ಜನ ಆಕೆಗೆ ಆ ಹೆಸರಿಟ್ಟಿದ್ದರು. ಆಕೆ ಹಾಡುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಸುರಂಗದಾರಿಯಲ್ಲಿ ದಿನಕ್ಕೆ ನಾಲ್ಕು ಸಲ ಹಾಡುತ್ತಿದ್ದಳು. ಉಜ್ಜುವ ಚಕ್ರದ ಗದ್ದಲದ ಅಡಿಯಲ್ಲಿ ನುಸುಳಿ ಆಕೆಯ ಜೊತೆ ಹಾಡುತ್ತಲೇ ಸೋಲಮ್ಮ ಹಾಡು ಕಲಿತದ್ದು. ಅಂಟಿನ ಘಾಟಿಗೂ ತೊಗಲಿನ ಧೂಳಿಗೂ ಗಂಟಲು ಕೆರೆದು ಒಂದು ಗೊಗ್ಗರು ಬಂದಿತ್ತು. ಕೇಳಿದವರು ಅದನ್ನು ‘ಆಳ’ ಎಂದರು. ಅವಳು ಬಿಸಿನೀರು ಕುಡಿದಳು.

ಆ ಐದು ಹಾಡುಗಳನ್ನು ಮತ್ತೆ ಹಾಡಿ, ಮುದ್ರಿಸಿ, ಕೆಂಡಕ್ಕನಿಗೆ ಅರ್ಪಿಸಬೇಕೆಂಬುದು ಅವಳ ಒಂದೇ ಹಟ. ಕಿವಿಯಣ್ಣ ದರ್ಜಿ ಅಂಗಡಿಯ ಮಹಡಿಯಲ್ಲಿ, ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದು ಸ್ಟುಡಿಯೋ ಮಾಡಿಕೊಂಡಿದ್ದ. ವಾರದ ರಜೆಯ ಮಧ್ಯಾಹ್ನ ಅಲ್ಲಿಗೆ ಹೋಗಿ, ಮತ್ತೆ ನಿಂತುಕೊಳ್ಳುತ್ತಿದ್ದಳು. ಕೂತು ಹಾಡಿದರೆ ಉಸಿರು ಮಡಚಿಕೊಳ್ಳುತ್ತದೆ ಎಂಬುದು ಕಿವಿಯಣ್ಣನ ಸಿದ್ಧಾಂತ. ಅವನಂತೂ ತಿರುಗುವ ಕುರ್ಚಿಯಲ್ಲಿ ಕೂತಿರುತ್ತಿದ್ದ.

ಎಲ್ಲ ಸರಿಹೋದರೂ ಒಂದು ಸದ್ದು ಸಿಕ್ಕಿರಲಿಲ್ಲ. ಕೆಂಡಕ್ಕನ ಹಾಡುಗಳಲ್ಲಿ ಎರಡನೆಯ ಸಾಲಿನ ತುದಿಗೆ ಒಂದು ವಿಚಿತ್ರ ಪೆಟ್ಟು ಬೀಳುತ್ತಿತ್ತು. ಡ್ರಮ್ಮಿನಲ್ಲಿ ಬಾರಿಸಿ ನೋಡಿದರು, ಮರದ ಪೆಟ್ಟಿಗೆಯ ಮೇಲೆ, ಚಮಚದಲ್ಲಿ, ಕೊನೆಗೆ ಕಿವಿಯಣ್ಣನ ಬೋಳುತಲೆಯ ಮೇಲೂ. ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಪಾಡಾಗಿತ್ತು.

ಅದಕ್ಕೇ, ಶೂ ಕಿತ್ತುಹೋದ ಆ ದಿನ ಅವಳು ಆ ಸದ್ದು ಕೇಳಿದ್ದೇ ಬಗ್ಗಿ ಅಟ್ಟೆಯನ್ನೇ ನೋಡಿದಳು.

“ಅಣ್ಣ, ಹಳೇ ಟೇಪ್ ಹಾಕಿ.”

ಹಾಕಿದ. ಟ-ಪಕ್.

“ಇದು ಡ್ರಮ್ ಅಲ್ಲ. ಆಯಮ್ಮನ ಎಡಗಾಲು. ಅಂಟು ಬಿಟ್ಟಿದೆ, ಹೊಲಿಗೆ ಬಿಟ್ಟಿಲ್ಲ. ಹೊಲಿಗೆನೂ ಬಿಟ್ಟಿದ್ರೆ ‘ಪಟಾರ್’ ಅನ್ನೋದು.”

ಮಟ್ಟು ಹುಡುಕುತ್ತಿದ್ದವಳಿಗೆ ಸಿಕ್ಕಿದ್ದು ಮೆಟ್ಟು. ಆ ಸದ್ದು ಸೇರಿಸಿ ಐದೂ ಹಾಡುಗಳನ್ನು ಮೊದಲಿನಿಂದ ಹಾಡಬೇಕಾಯಿತು. ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ಬಾಯಿಬಿಟ್ಟ ಶೂವನ್ನು ಹಾಗೆಯೇ ಕಾಪಾಡುವುದು ದೊಡ್ಡ ಕೆಲಸವಾಯಿತು. ಒಂದು ದಿನ ಚಿಕ್ಕಪ್ಪ, ಪಾಪ ಮಗು ಎಂದು ಮರುಕಪಟ್ಟು, ಅವಳು ಊಟಕ್ಕೆ ಹೋದಾಗ ಅಂಟು ಹಾಕಿ ಎರಡು ಸಾಲು ಹೊಲಿಗೆಯನ್ನೂ ಹೊಡೆದಿಟ್ಟ. ಅವಳು ಚಾಕು ಹಿಡಿದು ಬಿಚ್ಚುತ್ತ ಕೂಗಾಡಿದಳು.

“ಆ ಕೆಂಡಕ್ಕನಿಗೆ ಒಬ್ಬ ಚಿಕ್ಕಪ್ಪ ಇರ್ಲಿಲ್ಲ ಅಂತ ನಾನೇನು ಮಾಡ್ಲಿ!” ಎಂದು ಅವನು ಮುಖ ಊದಿಸಿಕೊಂಡ.

ಹಾಡೇನೋ ಮುಗಿದವು. ಆದರೆ ಅವು ಕೆಂಡಕ್ಕನವು. ಆಕೆ ಒಪ್ಪಿ ಕಾಗದದ ಮೇಲೆ ಸಹಿ ಹಾಕದೆ ಅವನ್ನು ಹೊರಗೆ ಬಿಡುವಂತಿರಲಿಲ್ಲ. ಈ ಮೊದಲು ಮೂವರು ಗಾಯಕರು ಅದೇ ಕೆಲಸಕ್ಕೆ ಹೋಗಿ ಪೆಚ್ಚುಮೋರೆಯಲ್ಲಿ ಇಳಿದುಬಂದಿದ್ದರು. ಕಿವಿಯಣ್ಣ ಪಾಠ ಹೇಳಿಕೊಟ್ಟ. “ಏನು ಕೇಳಿದ್ರೂ ‘ಆತ್ಮದ ಕೂಗು’ ಅಂತ ಶುರು ಮಾಡು. ಮಿಕ್ಕಿದ್ದು ತಾನಾಗೇ ಬರುತ್ತೆ.”

ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಲಿಫ್ಟ್ ಕೆಟ್ಟಿದ್ದ ಕಟ್ಟಡದ ನಾಲ್ಕು ಮಹಡಿ ಹತ್ತಿ ಅವಳು ಬಾಗಿಲು ತಟ್ಟಿದಳು. ಮುಖಕ್ಕಿಂತ ಮೊದಲು ಕಾಲು ನೋಡುವುದು ಸೋಲಮ್ಮನ ಮನೆತನದ ಚಾಳಿ. ಕೆಂಡಕ್ಕನ ಕಾಲುಗಳು ಊದಿದ್ದವು. ಉಣ್ಣೆಯ ಚಪ್ಪಲಿ, ಹಿಮ್ಮಡಿಯ ಹತ್ತಿರ ಸವೆದಿತ್ತು. ಕೋಣೆಯಲ್ಲಿ ಎರಡು ಕುರ್ಚಿ. ಒಂದರಲ್ಲಿ ಆಕೆ ಕೂತಳು, ಇನ್ನೊಂದರ ಮೇಲೆ ಆ ಕಾಲುಗಳನ್ನು ಇಟ್ಟಳು.

“ಹಾಕು. ನೋಡೋಣ.”

ಸೋಲಮ್ಮ ನಿಂತಳು, ಮುದ್ರಿಸಿ ತಂದಿದ್ದ ಹಾಡು ಓಡಿತು. ಮೊದಲ ಹಾಡಿನ ಮೊದಲ ಸಾಲಿಗೆ ಮುದುಕಿಯ ಮುಖ ಕದಲಲಿಲ್ಲ. ಎರಡನೆಯ ಸಾಲಿನ ತುದಿಗೆ ‘ಟ-ಪಕ್’ ಎಂದದ್ದೇ ತಡ, ಆಕೆ ಕೈ ಎತ್ತಿದಳು.

“ನಿಲ್ಸು! ಅಣಕಿಸೋಕೆ ಬಂದ್ಯಾ?”

ಸೋಲಮ್ಮನಿಗೆ ಕಾಲಿಗೆ ಬುದ್ಧಿ ಹೇಳೋಣ ಎನ್ನಿಸಿತು. ಕಾಲಿಗೆ ಬುದ್ಧಿ ಕೇಳುವ ಸ್ಥಿತಿ ಇರಲಿಲ್ಲ. ಮಾತಿನ ಬದಲು ಎಡಗಾಲಿನ ಶೂ ಬಿಚ್ಚಿ ತೋರಿಸಿದಳು. ಕೆಂಡಕ್ಕ ಅದನ್ನು ಕೈಗೆ ತೆಗೆದುಕೊಂಡು, ಅಟ್ಟೆಯನ್ನು ಮಡಚಿ ಬಿಟ್ಟು, ಸದ್ದು ಮಾಡಿ, ಮತ್ತೆ ಮತ್ತೆ ಮಾಡಿ ಕೇಳಿದಳು.

“ಈ ಸದ್ದಿಗೆ ನಮ್ಮ ಡ್ರಮ್ಮಿನವನಿಗೆ ಬಿರುದು ಕೊಟ್ರು ಕಣೇ,” ಎಂದಳು ಕೊನೆಗೆ. “ಸಾಯೋ ತನಕ ಮೆರೆದ. ರೆಕಾರ್ಡ್ ಮಾಡೋರು ಕಿತ್ತ ಶೂ ಬಿಚ್ಚಿ ಹಾಡು ಅಂದ್ರು, ಆದ್ರೆ ನೆಲ ತಣ್ಣಗೆ ಕೊರೀತಿತ್ತು. ನಾನು ಬಿಚ್ಚಲಿಲ್ಲ... ಮಿಕ್ಕಿದ್ದು ಹಾಕು.”

ಐದೂ ಹಾಡು ಮುಗಿದವು. ಕೆಂಡಕ್ಕ ಕಾಗದವನ್ನು ತೊಡೆಯ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದಳು.

“ಒಂದು ಮಾತು ಕೇಳ್ತೀನಿ. ಮೊದ್ಲು ಬಂದೋರನ್ನೂ ಕೇಳಿದೆ. ಒಬ್ಬ ವಿರಹ ಅಂದ. ಒಬ್ಬಳು ದೇವರು ಅಂದ್ಲು. ಇನ್ನೊಬ್ಬ ಅಳೋಕೇ ಶುರುಮಾಡಿದ, ಕರ್ಚೀಫ್ ಕೊಟ್ಟು ಕಳ್ಸಿದೆ. ನೀನು ಸುಳ್ಳು ಹೇಳಿದ್ರೆ ಮುಚ್ಚಳ ಹಾಕ್ಬಿಡ್ತೀನಿ. ನನ್ನ ಹಾಡು ಹಾಡೋವಾಗ ನಿನ್ನ ಮನಸ್ಸಲ್ಲಿ ಏನಿರುತ್ತೆ?”

‘ಆತ್ಮದ ಕೂಗು’ ನಾಲಗೆಯ ತುದಿಗೆ ಬಂದಿತ್ತು. ಆದರೆ ಬೆಳಗ್ಗೆ ಏಳರಿಂದ ಅವಳನ್ನು ಹೊತ್ತುನಿಂತಿದ್ದ ಕಾಲುಗಳು ನಾಲಗೆಗಿಂತ ಮುಂಚೆ ಬಾಯಿ ಹಾಕಿದವು. ಆ ಕಾಗದ ಇಂದಿಗೂ ಕಿವಿಯಣ್ಣನ ಗೋಡೆಯ ಮೇಲಿದೆ. ಅದರ ಮೇಲಿನ ಸಹಿಯ ಕೊನೆಯ ಅಕ್ಷರ ಕಾಗದದ ಅಂಚು ದಾಟಿ ಹೋಗಿದೆ. ಕೆಂಡಕ್ಕ ನಗುತ್ತ ನಗುತ್ತ ಹಾಕಿದ ಸಹಿ, ಕೈ ನಿಲ್ಲಲಿಲ್ಲ. ಏಕೆಂದರೆ ಸೋಲಮ್ಮ ಹೇಳಿದ್ದು ಇಷ್ಟೇ:

“ಇದು ಮುಗಿದ್ಮೇಲೆ ಎಲ್ಲಾದ್ರೂ ಸ್ವಲ್ಪ ಕೂತ್ಕೋಬಹುದಾ ಅಂತ.”