ಗುರೆಳ್ಳು ಹೂವಿನ ಜಮಖಾನ

ಆ ಜಮಖಾನದ ಮಾತು ಬಂದರೆ ಇವತ್ತಿಗೂ ಮೈ ಉರಿಯುತ್ತದೆ. ಸಮಾಧಾನದಿಂದ ಬರೆಯೋಣವೆಂದು ಎಷ್ಟೋ ಸಲ ಕೂತೆ, ಆಗಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತೇನೆ.

ಗೊಟಗೋಡಿಯ ಹತ್ತಿರ ನಡೆದ ನೇಯ್ಗೆಯ ಶಿಬಿರಕ್ಕೆ ಸ್ವೀಡನ್ ದೇಶದ ಹೆಂಗಸೊಬ್ಬಳು ಬಂದಿದ್ದಳು. ತಾನೇ ಕೈಯಿಂದ ಮಾಡಿದ ಉಣ್ಣೆಯ ನೆಲಹಾಸುಗಳನ್ನು ತಂದಿದ್ದಳು. ಒಂದರಲ್ಲಿ ಬಂಡೆಗೆ ಹತ್ತಿದ ಪಾಚಿ, ಇನ್ನೊಂದರಲ್ಲಿ ಎಲೆ ಉದುರಿದ ಕಾಡಿನ ನೆಲ. ಹುಡುಕಿದರೂ ಎಲೆಯ ಚಿತ್ರ ಎಲ್ಲೂ ಇಲ್ಲ, ಬರೀ ಬಣ್ಣ ಮತ್ತು ಉದ್ದ ಗಿಡ್ಡ ಗಂಟುಗಳು. ಆದರೂ ಕಾಲಿಟ್ಟರೆ ಕಾಡೇ. ತಿಂಗಳುಗಟ್ಟಲೆ ಹಿಮ ಬೀಳುವ ತಮ್ಮೂರಲ್ಲಿ ಮನೆಯೊಳಗೆ ಇದರ ಮೇಲೆ ಬರಿಗಾಲಲ್ಲಿ ಓಡಾಡುತ್ತೇವೆ ಎಂದಳು. ನಮ್ಮನ್ನೆಲ್ಲ ಅದರ ಮೇಲೇ ಕೂಡಿಸಿಕೊಂಡು ಚಹಾ ಕುಡಿದಳು. ನನ್ನ ಕೈಯಿಂದ ಚಹಾ ಚೆಲ್ಲಿದಾಗ ನಕ್ಕುಬಿಟ್ಟಳು. ಗಂಟು ಹಾಕುವುದನ್ನು ಕಲಿಸಿ, ನಮ್ಮ ಕಾಡು ಬೇಡ, ನಿಮ್ಮ ನೆಲ ನೋಡಿ ಮಾಡಿ ಎಂದು ಹೇಳಿ ಹೋದಳು.

ನನ್ನ ತವರು ಹಂಸಭಾವಿ. ಅಲ್ಲಿ ಅವ್ವ ಕೂಲಿಗೆ ಹೋಗುತ್ತಿದ್ದ ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಹೊಲ ಹೂವಾದಾಗ ಕಣ್ಣು ಕುಕ್ಕುವಂಥ ಹಳದಿ. ಅದನ್ನೇ ಮಾಡಿದೆ. ಸವಣೂರಿನ ನಮ್ಮ ಕೇರಿಯ ಮನೆಯಲ್ಲಿ, ಗೋಡೆಯ ಬುದ್ಧನ ಫೋಟೋದ ಕೆಳಗೆ ಮಗ್ಗ ಹೂಡಿದೆ. ಬಿಳಿ ಉಣ್ಣೆಯನ್ನು ಅರಿಶಿನದಲ್ಲಿ ಕುದಿಸಿ ಬಣ್ಣ ಕೊಟ್ಟೆ. ಮಳೆಗಾಲ ಪೂರ್ತಿ ಗಂಟು ಹಾಕಿದೆ, ಬೆರಳಿನ ತುದಿಯ ಸಿಪ್ಪೆ ಎದ್ದಿತು.

ಯಾರದೋ ಫೋನಿನಲ್ಲಿ ಅದರ ಫೋಟೋ ನೋಡಿ ಆಸೆಪಟ್ಟವರು ಹಾನಗಲ್ಲಿನ ದೊಡ್ಡ ಮನೆಯ ಅಕ್ಕಾರು. ಹೊಸ ಮನೆ ಕಟ್ಟಿಸಿದ್ದರು. ನಾನೇ ಹೊತ್ತುಕೊಂಡು ಹೋಗಿ ಅವರ ಪಡಸಾಲೆಯಲ್ಲಿ ಹಾಸಿದೆ.

"ಹೊಲಾನ ತಂದು ಹಾಸಿದಂಗ ಐತಲ್ಲ ಯವ್ವಾ!" ಎಂದರು ಅಕ್ಕಾರು. ನನ್ನ ಹೊಟ್ಟೆ ತುಂಬಿತು. ಚಹಾ ಬಂತು, ಅವರಿಗೆ ಸ್ಟೀಲಿನ ಲೋಟದಲ್ಲಿ, ನನಗೆ ಕಾಗದದ ಕಪ್ಪಿನಲ್ಲಿ. ನೋಡಿದೆ, ನುಂಗಿಕೊಂಡೆ.

ಕೆಲವು ದಿನಕ್ಕೆ ಅವರ ಫೋನ್ ಬಂತು. "ನಿನ್ನ ಬಣ್ಣ ಸರಿ ಇಲ್ಲವ್ವಾ. ತುಂಬೆಲ್ಲಾ ಕೆಂಪು ಕಲಿ ಬಿದ್ದಾವ. ಬಂದು ನೋಡು."

ಹೋಗಿ ನೋಡಿದೆ. ಹಳದಿಯ ತುಂಬ ಕೆಂಪು ಹನಿಗಳು. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡುವುದು ಎಲ್ಲರ ಮನೆಯಲ್ಲೂ ಗೊತ್ತಿದ್ದದ್ದೇ. ಸುಣ್ಣ ಒಂದೇ ಅಲ್ಲ, ಸೋಪು ತಾಕಿದರೂ, ಬಹಳ ದಿನ ಇಟ್ಟ ಗಂಜಲ ತಾಕಿದರೂ ಹಾಗೇ ಆಗುತ್ತದೆ. ಬಗ್ಗಿ ಮೂಸಿದೆ. ಸೋಪಿನ ವಾಸನೆಯಲ್ಲ.

"ಅಕ್ಕಾರ, ಇದರ ಮ್ಯಾಲ ಗಂಜಲ ಚಿಮುಕಿಸೀರೇನ್ರಿ?"

ಅವರ ಮುಖ ಆ ಕಡೆ ತಿರುಗಿತು. "ಹೊಸಾ ಸಾಮಾನು ಮನಿಗೆ ಬಂದ್ರ ಹಂಗ ಮಾಡೂದು ನಮ್ಮ ಪದ್ಧತಿ. ನಿಮಗಂತ ಅಲ್ಲ."

ಪಕ್ಕದಲ್ಲಿ ಹೊಸ ಸೋಫಾ ಇತ್ತು. ಪ್ಲಾಸ್ಟಿಕ್ಕಿನ ಹೊದಿಕೆ ಕೂಡ ಬಿಚ್ಚಿರಲಿಲ್ಲ. "ಸೋಫಾಕ್ಕೂ ಚಿಮುಕಿಸೀರೇನ್ರಿ?" ಎಂದು ಕೇಳಿದೆ. ಅಕ್ಕಾರು ಸೋಫಾದ ಹೊದಿಕೆ ಎಳೆದು ಸರಿಮಾಡತೊಡಗಿದರು.

ನಾನು ಮುಟ್ಟಿದ ಉಣ್ಣೆಗೆ ದನದ ಉಚ್ಚೆ ಚಿಮುಕಿಸಿ ಶುದ್ಧ ಮಾಡಿದ್ದರು. ಅದರ ಮೇಲೆ ಅವರ ನಾಯಿ ಮಲಗಬಹುದು, ಮಕ್ಕಳು ಚಪ್ಪಲಿ ಹಾಕಿಕೊಂಡು ಕುಣಿಯಬಹುದು. ದನದ ಉಚ್ಚೆಗಿಂತ ನನ್ನ ಬೆರಳು ಹೊಲಸು, ಅಲ್ಲವೇ? ಹೊಲವನ್ನೇ ತಂದು ಹಾಸಿದಂಗ ಐತಿ ಎಂದ ಬಾಯಿಯೇ ಇದು!

ಅಕ್ಕಾರು ಧ್ವನಿ ತಗ್ಗಿಸಿದರು. "ಸಿಟ್ಟಿಗೇಳಬ್ಯಾಡ ತಂಗಿ. ಇದನ್ನ ಒಯ್ದು ಇನ್ನೊಂದು ಮಾಡಿಕೊಡು. ಈ ಸಲ ಹಿಂಗ ಕೆಂಪಾಗದಂಥಾ ಬಣ್ಣ ಹಾಕು."

ಚಿಮುಕಿಸುವುದನ್ನು ಬಿಡುತ್ತೇವೆ ಎನ್ನಲಿಲ್ಲ. ಅದು ಕಾಣಬಾರದು, ಅಷ್ಟೇ.

"ಅಂಥಾ ಬಣ್ಣ ನನ್ನ ಕಡೆ ಇಲ್ರಿ," ಎಂದೆ. ಜಮಖಾನ ಸುತ್ತಿಕೊಂಡು ಬಸ್ ಹತ್ತಿದೆ. ಶಿಗ್ಗಾಂವಿಯವರೆಗೂ ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಈಗ ಅದು ನಮ್ಮ ಮನೆಯ ನೆಲದ ಮೇಲಿದೆ, ಕಲೆಯ ಸಮೇತ.

ನೇಯುವುದನ್ನು ಬಿಟ್ಟಿಲ್ಲ. ಕಪ್ಪು ಮಣ್ಣಿನ ಬಿರುಕು, ಕೆರೆಯ ಜೊಂಡು, ಜೋಳದ ಕೂಳೆ, ಏನೇ ಮಾಡಲಿ, ನಡುವೆ ಒಂದಿಷ್ಟು ಅರಿಶಿನದ ಗಂಟು ಸೇರಿಸುತ್ತೇನೆ. ಯಾಕೆಂದು ಕೊಂಡವರಿಗೆ ನಾನು ಹೇಳುವುದಿಲ್ಲ, ಚಿಮುಕಿಸಿದರೆ ಗಂಟೇ ಹೇಳುತ್ತದೆ.